ಮರಳ ದಿಬ್ಬದ ಮೇಲೆ ಜೀಪ್ ಸವಾರಿ: ಮನೆಯಲ್ಲಿ ಯಾರು ಹತ್ತಬಹುದು, ಯಾರು ಹತ್ತಬಾರದು?

*ಪ್ರವಾಸ ಮತ್ತು ಆರೋಗ್ಯ*



ಚಳಿಗಾಲದ ರಜೆ ಹತ್ತಿರ ಬಂತೆಂದರೆ ದೆಹಲಿ, ಗುರುಗ್ರಾಮ, ನೋಯ್ಡಾ ಕಡೆಯ ನಮ್ಮವರ ಮನೆಗಳಲ್ಲಿ ಜೈಸಲ್ಮೇರ್ ಮಾತು ಶುರುವಾಗುತ್ತದೆ. ಮುಂಬೈ, ಪುಣೆ, ಹೈದರಾಬಾದಿನಿಂದ ಹೊರಡುವವರೂ ಕಡಿಮೆಯಿಲ್ಲ. ಮಕ್ಕಳಿಗೆ ರಜೆ, ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಎಲ್ಲರೂ ಸೇರಿ ಒಂದು ಪ್ರವಾಸ. ಬೆಳಿಗ್ಗೆ ಕೋಟೆ, ಹವೇಲಿ, ಗಡೀಸರ್ ಕೆರೆ. ಸಂಜೆ ಊರಿನಿಂದ ಸುಮಾರು 40 ಕಿ.ಮೀ. ದೂರದ ಸಮ್ ಅಥವಾ ಖುರಿ ಕಡೆಗೆ ಹೋಗಿ ಮರಳ ದಿಬ್ಬಗಳ ಮೇಲೆ ಜೀಪ್ ಸವಾರಿ. ಪ್ಯಾಕೇಜಿನಲ್ಲಿ ಅದು ಸೇರಿಯೇ ಇರುತ್ತದೆ.

ಹೋಗಿ ಬನ್ನಿ, ಖಂಡಿತ ಹೋಗಿ ಬನ್ನಿ. ಆದರೆ ಹೊರಡುವ ಮೊದಲು ಒಂದು ವಿಷಯ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ. *ಜೀಪ್ ಹತ್ತುವವರು ಯಾರು, ಕೆಳಗೆ ಕೂತು ಸೂರ್ಯಾಸ್ತ ನೋಡುವವರು ಯಾರು?* ಈ ತೀರ್ಮಾನ ದಿಬ್ಬದ ಬುಡದಲ್ಲಿ ಆಗಬಾರದು. ಅಲ್ಲಿ ಡ್ರೈವರ್ ಅವಸರ ಮಾಡುತ್ತಾನೆ, ಮಕ್ಕಳು ಕುಣಿಯುತ್ತಿರುತ್ತಾರೆ, "ಬನ್ನಿ ಅಮ್ಮ, ಏನಾಗಲ್ಲ, ದುಡ್ಡು ಕೊಟ್ಟಾಗಿದೆ" ಎಂದು ಎಲ್ಲರೂ ಎಳೆಯುತ್ತಾರೆ. ಅಮ್ಮನೂ ಬೇಡ ಎನ್ನಲಾರದೆ ಹತ್ತಿಬಿಡುತ್ತಾರೆ. ಬೆನ್ನುಮೂಳೆ ಮುರಿಯುವುದು ಇಂಥ ಹೊತ್ತಿನಲ್ಲೇ.

*ಮರಳು ಮೆತ್ತಗಿದೆ ಎಂಬ ತಪ್ಪು ಕಲ್ಪನೆ*

ಕಾಲಿಟ್ಟರೆ ಹೂತುಹೋಗುವ ಮರಳಿನ ಮೇಲೆ ಜೀಪ್ ಬಿದ್ದರೆ ಏಟು ಹೇಗೆ ತಗಲುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಮರಳ ದಿಬ್ಬಕ್ಕೆ ಎರಡು ಮುಖಗಳಿರುತ್ತವೆ. ಗಾಳಿ ಬೀಸಿ ಬರುವ ಕಡೆಯ ಇಳಿಜಾರು ನಿಧಾನವಾಗಿ ಏರುತ್ತದೆ, ಅಲ್ಲಿ ಮರಳು ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಇನ್ನೊಂದು ಕಡೆ 30 ಡಿಗ್ರಿಗೂ ಹೆಚ್ಚು ಕಡಿದಾದ, ಸಡಿಲ ಮರಳಿನ ಜಾರುಮುಖ. ದಿಬ್ಬ ಮತ್ತು ದಿಬ್ಬದ ನಡುವಿನ ತಗ್ಗಿನಲ್ಲಿ ನೆಲ ಹಲವು ಕಡೆ ಗಟ್ಟಿಯೇ. ದಿಬ್ಬ ಏರಲು ಡ್ರೈವರ್ ವೇಗ ಹೆಚ್ಚಿಸಲೇಬೇಕು. ನೆತ್ತಿ ತಲುಪಿದಾಗ ಅವನಿಗೆ ಬಾನೆಟ್ಟಿನ ಆಚೆ ಆಕಾಶ ಮಾತ್ರ ಕಾಣುತ್ತದೆ, ಆಚೆ ಬದಿ ಕಾಣುವುದಿಲ್ಲ. ವೇಗ ಸ್ವಲ್ಪ ಹೆಚ್ಚಾದರೂ ಮುಂದಿನ ಚಕ್ರಗಳು ಗಾಳಿಯಲ್ಲಿ ಎದ್ದು, ಗಾಡಿ ಧೊಪ್ಪನೆ ಕೆಳಗೆ ಕೂರುತ್ತದೆ.

ಲೆಕ್ಕ ನೋಡಿ. ಒಂದು ಮೀಟರ್ ಎತ್ತರದಿಂದ ಬಿದ್ದ ಯಾವ ವಸ್ತುವೇ ಆದರೂ ನೆಲ ಮುಟ್ಟುವಾಗ ಸುಮಾರು 16 ಕಿ.ಮೀ. ವೇಗದಲ್ಲಿರುತ್ತದೆ. ಅರ್ಧ ಮೀಟರ್ ಆದರೆ ಸುಮಾರು 11 ಕಿ.ಮೀ. ಆ ವೇಗ ಕ್ಷಣಾರ್ಧದಲ್ಲಿ ನಿಂತುಹೋದಾಗ ಆ ಹೊಡೆತವನ್ನು ಯಾರಾದರೂ ಹೀರಿಕೊಳ್ಳಲೇಬೇಕು. ಟೈರು ಸ್ವಲ್ಪ, ಸ್ಪ್ರಿಂಗ್ ಸ್ವಲ್ಪ, ಸೀಟು ಸ್ವಲ್ಪ. ಮಿಕ್ಕಿದ್ದು ನಿಮ್ಮ ಬೆನ್ನು.

*ಬೆನ್ನಿನೊಳಗೆ ಆಗುವುದೇನು?*

ನಾವು ಮೆಟ್ಟಿಲಿನಿಂದ ಹಾರಿದಾಗ ಮೊಣಕಾಲು, ಸೊಂಟ ಮಡಚಿಕೊಂಡು ಹೊಡೆತವನ್ನು ಹೀರಿಕೊಳ್ಳುತ್ತವೆ. ಕೂತಾಗ ಆ ಸೌಲಭ್ಯ ಇಲ್ಲ. ಸೀಟಿನ ಏಟು ಕೆಳಗಿನಿಂದ ನೇರವಾಗಿ ಬೆನ್ನುಮೂಳೆಗೆ ಏರುತ್ತದೆ.

ನಮ್ಮ ಬೆನ್ನುಮೂಳೆ ಮಣಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಇದೆ. ಎದೆಯ ಭಾಗದ ಮಣಿಗಳು ಪಕ್ಕೆಲುಬಿನ ಗೂಡಿಗೆ ಅಂಟಿಕೊಂಡು ಬಿಗಿಯಾಗಿರುತ್ತವೆ. ಸೊಂಟದ ಭಾಗದವು ಬಾಗಿ ಬಳುಕುತ್ತವೆ. ಬಿಗಿ ಭಾಗ ಮುಗಿದು ಬಳುಕುವ ಭಾಗ ಶುರುವಾಗುವ ಜಾಗ, ಅಂದರೆ ಎದೆಯ 12ನೇ ಮಣಿ ಮತ್ತು ಸೊಂಟದ 1ನೇ ಮಣಿಯ ಆಸುಪಾಸು, ಇಂಥ ಹೊಡೆತಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಇಡ್ಲಿಯ ಒಂದು ಅಂಚನ್ನು ಬೆರಳಿನಿಂದ ಒತ್ತಿದರೆ ಆ ಕಡೆ ಮಾತ್ರ ಕುಸಿಯುತ್ತದಲ್ಲ, ಹಾಗೆ ಮಣಿಯ ಮುಂಭಾಗ ಕುಸಿದು ಬೆಣೆಯ ಆಕಾರಕ್ಕೆ ಬರುತ್ತದೆ. ಇದನ್ನು ವೈದ್ಯರು ಕಂಪ್ರೆಷನ್ ಫ್ರಾಕ್ಚರ್ ಎನ್ನುತ್ತಾರೆ. ಹೊಡೆತ ಇನ್ನೂ ಜೋರಾದರೆ ಮಣಿ ಒಡೆದು ಚೂರು ಹಿಂದಕ್ಕೆ ಸರಿದು ನರಗಳನ್ನು ಒತ್ತಬಹುದು. ಆಗ ಕಾಲಿನ ಬಲ, ಮೂತ್ರದ ಹತೋಟಿ ಎರಡಕ್ಕೂ ಅಪಾಯ.

ಮುಂದಿನ ಸರಳು ಹಿಡಿದುಕೊಂಡು ಬಗ್ಗಿ ಕೂತಿದ್ದರೆ ಮಣಿಗಳ ಮುಂಭಾಗದ ಮೇಲೆ ಭಾರ ಇನ್ನೂ ಹೆಚ್ಚು. ಗಾಡಿಯ ಕೊನೆಯ ಸೀಟಿನಲ್ಲಿ ಕೂತವರಿಗಂತೂ ಹೇಳಬೇಕಾಗಿಲ್ಲ. ಊರಿನ ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹಂಪ್ ದಾಟಿದವರಿಗೆಲ್ಲ ಇದು ಗೊತ್ತು. ಡ್ರೈವರ್‌ಗೆ ಗೊತ್ತೇ ಆಗದ ಏಟು ಹಿಂದಿನವರನ್ನು ಛಾವಣಿಗೆ ಎತ್ತಿ ಹಾಕುತ್ತದೆ. ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಅದರ ಆಚೆ ಇರುವ ಸೀಟಿನ ಹಣೆಬರಹವೇ ಅದು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗ ವಿಡಿಯೋ ಮಾಡಲು ಮುಂದೆ ಕೂರುತ್ತಾನೆ, ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಬೆಂಚಿಗೆ ಹೋಗುತ್ತಾರೆ. ಅತಿ ಹೆಚ್ಚು ಏಟು ಬೀಳುವ ಜಾಗದಲ್ಲಿ ಅತಿ ಸೂಕ್ಷ್ಮ ಮೂಳೆ ಇರುವವರು!

*ಜೀಪ್ ಹತ್ತಲೇಬಾರದವರು*

1. *ಗರ್ಭಿಣಿಯರು.* ಎಷ್ಟನೇ ತಿಂಗಳಾದರೂ ಬೇಡ. ಹೊಟ್ಟೆಗೆ ಹೊರಗಿನಿಂದ ಏಟು ಬೀಳದಿದ್ದರೂ, ಜೋರಾದ ಕುಲುಕಾಟಕ್ಕೆ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳುವ ಅಪಾಯ ಇದೆ. ಅದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು.

2. *ಮೂಳೆ ಸವೆತ (ಆಸ್ಟಿಯೋಪೊರೋಸಿಸ್) ಇರುವವರು, ಇರಬಹುದಾದವರು.* ಮುಟ್ಟು ನಿಂತ ನಂತರ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ. ನೋವಿಲ್ಲದ ಕಾಯಿಲೆ ಇದು, ಮುರಿಯುವ ತನಕ ಗೊತ್ತಾಗುವುದಿಲ್ಲ. ಮೊದಲಿಗಿಂತ ಎತ್ತರ ಕಡಿಮೆಯಾಗಿದೆಯೇ? ಬೆನ್ನು ಬಾಗಿದೆಯೇ? ಹಿಂದೆ ಸುಮ್ಮನೆ ಜಾರಿ ಬಿದ್ದದ್ದಕ್ಕೇ ಮಣಿಕಟ್ಟು ಮುರಿದಿತ್ತೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಜೀಪ್ ಬೇಡ. ಊರಿಗೆ ಮರಳಿದ ಮೇಲೆ ವೈದ್ಯರನ್ನು ಕೇಳಿ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮಾಡಿಸಿ. 60 ದಾಟಿದ ಅಮ್ಮಂದಿರಿಗೆ, ಏನೂ ತೊಂದರೆ ಕಾಣದಿದ್ದರೂ, ಈ ಸವಾರಿ ಬೇಡ ಎನ್ನುವುದೇ ಒಳ್ಳೆಯದು. ಗಂಡಸರಿಗೂ ವಯಸ್ಸಾದಂತೆ ಮೂಳೆ ಸವೆಯುತ್ತದೆ ಎಂಬುದು ನೆನಪಿರಲಿ.

3. *ಬಹಳ ಕಾಲದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು.* ಆಸ್ತಮಾ, ಸಂಧಿವಾತ, ಚರ್ಮರೋಗ ಯಾವುದಕ್ಕೇ ಇರಲಿ, ಆ ಮಾತ್ರೆಗಳು ವಯಸ್ಸಿನ ಲೆಕ್ಕವಿಲ್ಲದೆ ಮೂಳೆಯನ್ನು ತೆಳ್ಳಗೆ ಮಾಡುತ್ತವೆ.

4. *ಡಿಸ್ಕ್ ಜಾರಿದವರು, ಸಯಾಟಿಕಾ, ಕುತ್ತಿಗೆ ಸ್ಪಾಂಡಿಲೋಸಿಸ್ ಇರುವವರು, ಬೆನ್ನಿನ ಆಪರೇಷನ್ ಆದವರು.*

5. *ಇತ್ತೀಚೆಗೆ ಆಪರೇಷನ್ ಆದವರು.* ಹರ್ನಿಯಾ, ಸಿಸೇರಿಯನ್, ಕಣ್ಣಿನ ಪೊರೆ, ರೆಟಿನಾ, ಮಂಡಿ ಬದಲಾವಣೆ ಯಾವುದೇ ಆಗಿರಲಿ, ಆಪರೇಷನ್ ಮಾಡಿದ ವೈದ್ಯರನ್ನು ಕೇಳದೆ ಹತ್ತಬೇಡಿ.

6. *ಹೃದಯಾಘಾತ ಆಗಿ ಹೆಚ್ಚು ದಿನ ಆಗದವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು.* ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯ. ತಲೆ ಸರಳಿಗೆ ತಾಗಿದರೆ ಒಳಗೆ ರಕ್ತ ಸೋರಬಹುದು.

7. *ಹಸುಗೂಸುಗಳು, ಪುಟ್ಟ ಮಕ್ಕಳು.* ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆಯ ಸ್ನಾಯು ಎಳೆಯದು. ತೊಡೆಯ ಮೇಲೆ ಕೂತ ಮಗುವನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಗಾಡಿ ಹಾರಿದಾಗ ಕೈ ಬಿಟ್ಟುಹೋಗುತ್ತದೆ. ಸೀಟಿನಲ್ಲಿ ತಾನೇ ಕೂತು, ಕಾಲು ನೆಲಕ್ಕೆ ತಾಗಿ, ಬೆಲ್ಟ್ ಕುತ್ತಿಗೆಯ ಮೇಲೆ ಬರದೆ ಭುಜದ ಮೇಲೆ ಬರುವಷ್ಟು ಎತ್ತರ ಬೆಳೆದ ಮೇಲೆ ಈ ಆಟ.

ದುಬೈ, ಅಬುಧಾಬಿಯಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಹಿರಿಯರಿಗೂ ಇದೇ ಪಟ್ಟಿ. ಅಲ್ಲಿ ದಿಬ್ಬಗಳು ದೊಡ್ಡವು, ವೇಗವೂ ಹೆಚ್ಚು. ಗಾಡಿ ಹತ್ತುವ ಮೊದಲು ಇಂಗ್ಲಿಷ್ ಕಾಗದ ಕೊಟ್ಟು ಸಹಿ ಕೇಳಿದರೆ, ಓದಿ ಅರ್ಥ ಹೇಳದೆ ಅಪ್ಪ ಅಮ್ಮನ ಕೈಯಲ್ಲಿ ಸಹಿ ಮಾಡಿಸಬೇಡಿ. ಗರ್ಭಿಣಿಯರು, ಬೆನ್ನುನೋವು, ಹೃದ್ರೋಗ ಇರುವವರು ಹತ್ತಬಾರದು ಎಂಬ ಎಚ್ಚರಿಕೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಪ್ರಯಾಣ ವಿಮೆ ಇಂಥ ಸಾಹಸದ ಗಾಯಕ್ಕೆ ಅನ್ವಯಿಸುತ್ತದೆಯೇ ಎಂದೂ ನೋಡಿಕೊಳ್ಳಿ.

*ಹತ್ತದವರ ಸಂಜೆ ಹಾಳಾಗಬಾರದು*

"ನೀವು ಇಲ್ಲೇ ಕೂತಿರಿ" ಎಂದು ಅಜ್ಜಿಯನ್ನು ಬ್ಯಾಗುಗಳ ಕಾವಲಿಗೆ ಬಿಟ್ಟು ಹೋದರೆ, ಮುಂದಿನ ಸಲ ಅವರು ಬೇಡ ಎಂದು ಹೇಳುವುದೇ ಇಲ್ಲ. ಸಮ್‌ನಲ್ಲಿ ಮರಳ ದಿಬ್ಬಗಳು ರಸ್ತೆಯ ಪಕ್ಕದಲ್ಲೇ ಇವೆ. ನಾಲ್ಕು ಹೆಜ್ಜೆ ನಡೆದರೆ ಮರಳಿನಲ್ಲಿ ಕೂರಬಹುದು. ಅಲ್ಲಿಂದ ಕಾಣುವ ಸೂರ್ಯಾಸ್ತವೇ ಜೀಪಿನವರಿಗೂ ಕಾಣುವುದು. ಅವರ ಜೊತೆ ಮನೆಯ ಒಬ್ಬರು ಉಳಿಯಲಿ. ಆಮೇಲೆ ಬಿಡಾರದಲ್ಲಿ ಮಾಂಗಣಿಯಾರ್ ಗಾಯಕರ ಹಾಡು, ಖರ್ತಾಲ್ ವಾದನ ಕೇಳಲು ಎಲ್ಲರೂ ಒಟ್ಟಿಗೆ ಕೂರಬಹುದು.

ಜೀಪ್ ಬೇಡ ಎಂದರೆ ಒಂಟೆ ಸವಾರಿ ಮಾಡಿಸೋಣ ಎನ್ನುವವರು ಗಮನಿಸಿ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕೂರುವಾಗ ಮೊದಲು ಮುಂಗಾಲು ಮಡಚುತ್ತದೆ, ಮತ್ತೆ ಮುಂದಕ್ಕೆ ಮುಗ್ಗರಿಸುತ್ತಾರೆ. ಎರಡೂ ಸಲ ಹಿಂದಕ್ಕೆ ಒರಗಿ, ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮೇಲಿನ ಪಟ್ಟಿಯಲ್ಲಿರುವವರಿಗೆ ಒಂಟೆಯ ಬೆನ್ನೂ ಬೇಡ. ಬೆನ್ನು ಮೂಳೆಯ ತೊಂದರೆ ಇಲ್ಲದ ಹಿರಿಯರಿಗೆ ಸಮತಟ್ಟು ನೆಲದ ಮೇಲೆ ನಿಧಾನವಾಗಿ ಹೋಗುವ ಒಂಟೆಗಾಡಿ ವಾಸಿ.

*ಹತ್ತುವವರಿಗೆ: ಗಾಡಿಯನ್ನು ನೋಡಿ, ಆಮೇಲೆ ದಿಬ್ಬವನ್ನು ನೋಡಿ*

ಸೀಟುಗಳು ಮುಂದಕ್ಕೆ ಮುಖ ಮಾಡಿರಬೇಕು. ಪ್ರತಿಯೊಬ್ಬರಿಗೂ ಬೆಲ್ಟ್ ಇರಬೇಕು, ಅದು ಕೊಕ್ಕೆಗೆ ನಿಜವಾಗಿ ಸಿಕ್ಕಿಕೊಳ್ಳಬೇಕು. ತಲೆಯ ಮೇಲೆ ಗಟ್ಟಿ ಕಬ್ಬಿಣದ ಚೌಕಟ್ಟು ಇರಬೇಕು. ಬೆಲ್ಟ್ ಎಷ್ಟಿದೆಯೋ ಜನ ಅಷ್ಟೇ. ಎದುರುಬದುರು ಬೆಂಚು ಹಾಕಿದ, ಬೆಲ್ಟ್ ಇಲ್ಲದ ತೆರೆದ ಜೀಪ್ ಬಂದರೆ ಬೇರೆ ಗಾಡಿ ಕೇಳಿ, ಇಲ್ಲವೆಂದರೆ ಸವಾರಿ ಬಿಟ್ಟುಬಿಡಿ. ಹಿಂದೆ ನಿಂತು ಸರಳು ಹಿಡಿದು ಕೂಗುತ್ತಾ ಹೋಗುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಗಾಡಿ ಅಡ್ಡ ಮಗುಚಿದರೆ ಮೊದಲು ಅಡಿಗೆ ಬೀಳುವವರು ಅವರೇ.

ಕೂರುವ ಕ್ರಮವೂ ಮುಖ್ಯ. ಬೆನ್ನು ಸೀಟಿಗೆ ಒರಗಿರಲಿ, ಎರಡೂ ಪಾದ ನೆಲಕ್ಕೆ ಊರಿರಲಿ. ನಾಲಿಗೆ ಹಲ್ಲಿನ ನಡುವೆ ಬರದಂತೆ ಬಾಯಿ ಮುಚ್ಚಿರಲಿ. ಕೈ, ಮೊಬೈಲು ಗಾಡಿಯ ಹೊರಗೆ ಬೇಡ. ಮಡಿಲಲ್ಲಿ ಸ್ಟೀಲ್ ಬಾಟಲಿ, ಕ್ಯಾಮೆರಾ ಇಟ್ಟುಕೊಳ್ಳಬೇಡಿ. ಹಾರಿದರೆ ಅವೇ ಕಲ್ಲು.

ಡ್ರೈವರ್ ಜೊತೆ ಮಾತು ಸವಾರಿಗೆ ಮೊದಲೇ ಆಗಬೇಕು. ಮಕ್ಕಳು "ಇನ್ನೊಂದ್ ಸಲ!" ಎಂದು ಕೂಗಿದರೆ ಅವನಿಗೆ ಕನ್ನಡ ಗೊತ್ತಿಲ್ಲದಿದ್ದರೂ ಉತ್ಸಾಹ ಅರ್ಥವಾಗುತ್ತದೆ. ಅಜ್ಜ "ಅಯ್ಯೋ, ನಿಲ್ಸಪ್ಪಾ" ಎಂದದ್ದು ಅರ್ಥವಾಗುವುದಿಲ್ಲ. ಹಾಸನ, ಶಿರಸಿ, ಗದಗ ಕಡೆಯಿಂದ ಬಂದ ಹಿರಿಯರಿಗೆ ಹಿಂದಿ ಬಾರದು ಎಂಬುದು ಇಲ್ಲಿ ಆರೋಗ್ಯದ ಪ್ರಶ್ನೆಯೇ. ಜೀಪ್ ಹತ್ತುವ ಪ್ರತಿಯೊಬ್ಬರಿಗೂ ಈ ಮೂರು ಮಾತು ಬಾಯಿಪಾಠ ಮಾಡಿಸಿ:

"ರೋಕೋ" – ನಿಲ್ಲಿಸು
"ಧೀರೇ ಚಲಾವೋ" – ನಿಧಾನ ಓಡಿಸು
"ಪೀಠ್ ಮೇ ದರ್ದ್ ಹೈ" – ಬೆನ್ನು ನೋಯುತ್ತಿದೆ

ನೀವು ಹೊರಡುವ ಮೊದಲು ಹೇಳಬೇಕಾದದ್ದು: "ಭೈಯಾ, ಗಾಡಿ ಉಛಾಲ್‌ನಾ ನಹೀಂ. ಆರಾಮ್ ಸೇ ಲೇ ಜಾವೋ." ಅಂದರೆ, ಗಾಡಿ ಹಾರಿಸಬೇಡ, ನಿಧಾನವಾಗಿ ಕರೆದುಕೊಂಡು ಹೋಗು. ಜನಕ್ಕೆ ಬೇಕಾದದ್ದು ಹಾರಾಟವೇ ಎಂದು ತಿಳಿದು, ಖುಷಿಯಾದರೆ ಟಿಪ್ಸ್ ಸಿಗುತ್ತದೆ ಎಂದು ಅವನು ಹಾರಿಸುತ್ತಾನೆ. ನಿಧಾನ ಹೋದರೂ ಟಿಪ್ಸ್ ಕೊಡುತ್ತೇವೆ ಎಂದು ಮೊದಲೇ ಹೇಳಿಬಿಡಿ. ಅವನು ಕುಡಿದಿದ್ದಾನೆ ಎಂಬ ಅನುಮಾನ ಬಂದರೆ ಹತ್ತಬೇಡಿ. ಕತ್ತಲಾದ ಮೇಲೆ ದಿಬ್ಬದ ಸವಾರಿ ಬೇಡವೇ ಬೇಡ.

*ಸ್ವಂತ ಗಾಡಿ ತೆಗೆದುಕೊಂಡು ಹೋಗುವವರಿಗೆ*

ದೆಹಲಿಯಿಂದ ಸುಮಾರು 800 ಕಿ.ಮೀ. ಓಡಿಸಿಕೊಂಡು ಹೋಗಿ, ಅದೇ ಸಂಜೆ ದಿಬ್ಬ ಹತ್ತಿಸುವ ಉತ್ಸಾಹ ಬೇಡ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಮರಳಿಗೆ ಇಳಿಸಬೇಡಿ. ಮರಳಿನಲ್ಲಿ ಓಡಿಸುವವರು ಟೈರಿನ ಗಾಳಿಯನ್ನು 15ರಿಂದ 20 ಪಿ.ಎಸ್.ಐ.ಗೆ ಇಳಿಸುತ್ತಾರೆ, ಆಗ ಟೈರು ಅಗಲವಾಗಿ ಹೂತುಹೋಗುವುದು ಕಡಿಮೆ. ಡಾಂಬರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಲೇಬೇಕು, ಇಲ್ಲವಾದರೆ ಟೈರ್ ಬಿಸಿಯಾಗಿ ಸಿಡಿಯಬಹುದು. ದಿಬ್ಬವನ್ನು ನೇರವಾಗಿ ಏರಿ, ನೇರವಾಗಿ ಇಳಿಯಬೇಕು. ಇಳಿಜಾರಿನಲ್ಲಿ ಅಡ್ಡ ತಿರುಗಿಸಿದರೆ ಗಾಡಿ ಮಗುಚುತ್ತದೆ. ಏರುವಾಗ ನಿಂತುಹೋದರೆ ತಿರುಗಿಸಲು ಹೋಗದೆ, ಬಂದ ಚಕ್ರದ ಗುರುತಿನಲ್ಲೇ ಹಿಂದಕ್ಕೆ ಬನ್ನಿ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಸ್ಥಳೀಯರೊಬ್ಬರು ಜೊತೆಗಿರಲಿ.

*ವಾಂತಿ, ನೀರು, ಧೂಳು, ಚಳಿ*

ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಇಲ್ಲೂ ಮಾಡಿಕೊಳ್ಳುತ್ತಾರೆ. ಸವಾರಿಗೆ ಎರಡು ಗಂಟೆ ಮೊದಲು ಅವಲಕ್ಕಿ, ಮೊಸರನ್ನದಂಥ ಹಗುರ ಊಟ ಸಾಕು. ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಮೊಬೈಲ್ ನೋಡದೆ ದೂರದ ದಿಗಂತ ನೋಡಬೇಕು. ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತ. ಅವೋಮಿನ್‌ನಂಥ ಮಾತ್ರೆಯನ್ನು ಪ್ರಯಾಣಕ್ಕೆ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಪ್ರಯೋಜನ ಕಡಿಮೆ. ಅದರಿಂದ ನಿದ್ದೆ ಬರುತ್ತದೆ, ಹಾಗಾಗಿ ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು. ಮಕ್ಕಳಿಗೆ, ಹಿರಿಯರಿಗೆ ವೈದ್ಯರನ್ನು ಕೇಳಿಯೇ ಕೊಡಿ.

ನೀರಿನ ವಿಷಯದಲ್ಲಿ ನಮ್ಮ ಮನೆಯ ಹೆಂಗಸರಿಗೆ ಒಂದು ಅಭ್ಯಾಸ ಇದೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. ಸಂಜೆಗೆ ತಲೆನೋವು, ತಲೆಸುತ್ತು, ಮರುದಿನ ಉರಿಮೂತ್ರ. ದಾರಿಯ ಶೌಚಾಲಯ ಎಲ್ಲೆಲ್ಲಿ ಎಂದು ಮೊದಲೇ ನೋಡಿಕೊಂಡು, ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸುವುದು ಓಡಿಸುವ ಗಂಡಸರ ಜವಾಬ್ದಾರಿ. ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಹೆಚ್ಚು ಕಡಿಮೆ ಮಾಡಬೇಡಿ.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್, ಮೇ ರಜೆ ಎಂದು ಆಗ ಬಂದ ನೆಂಟರನ್ನು ಮರುಭೂಮಿಗೆ ಕರೆದುಕೊಂಡು ಹೋಗಬೇಡಿ. ಆಗ ಅಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಯಾವ ಕಾಲದಲ್ಲೂ ಬರಿಗಾಲಿನಲ್ಲಿ ಮರಳಿನ ಮೇಲೆ ನಡೆಯಬಾರದು. ಸುಟ್ಟರೂ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ.

ಆಸ್ತಮಾ ಇರುವವರ ಇನ್‌ಹೇಲರ್ ಕಿಸೆಯಲ್ಲಿರಲಿ, ಬಿಡಾರದಲ್ಲಿರುವ ಬ್ಯಾಗಿನಲ್ಲಿ ಅಲ್ಲ. ಮೂಗು ಬಾಯಿಗೆ ಮಾಸ್ಕ್ ಅಥವಾ ಬಟ್ಟೆ ಕಟ್ಟಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿ. ಕಣ್ಣಿಗೆ ಮರಳು ಬಿದ್ದರೆ ಉಜ್ಜಬೇಡಿ, ಶುದ್ಧ ನೀರು ಹರಿಸಿ ತೊಳೆಯಿರಿ.

ಮರುಭೂಮಿ ಎಂದರೆ ಸೆಕೆ ಎಂದುಕೊಂಡು ಸ್ವೆಟರ್ ಇಲ್ಲದೆ ಹೊರಡುವವರು ಬಹಳ. ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಟೋಪಿ, ಸ್ವೆಟರ್, ಕಾಲುಚೀಲ ಬೇಕೇ ಬೇಕು. ಚಳಿ ಎಂದು ಕೆಂಡದ ಅಂಗೀಠಿಯನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಮತ್ತು ಮುಚ್ಚಿದ ಶೂ ಇರಲಿ, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಥಾರ್ ಮರುಭೂಮಿಯಲ್ಲಿ ಚೇಳೂ ಇದೆ, ವಿಷದ ಗರಗಸ ಮಂಡಲ ಹಾವೂ ಇದೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಆ ಅಂಗವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ.

*"ಏನಿಲ್ಲ, ಸ್ವಲ್ಪ ಹಿಡ್ಕೊಂಡಿದೆ"*

ಈ ಮಾತನ್ನು ನಂಬಬೇಡಿ. ಮಕ್ಕಳು ಇಷ್ಟು ಖರ್ಚು ಮಾಡಿ ಕರೆದುಕೊಂಡು ಬಂದಿದ್ದಾರೆ, ನನ್ನಿಂದ ಪ್ರವಾಸ ಕೆಡಬಾರದು ಎಂದು ನೋವು ನುಂಗುವ ತಲೆಮಾರು ಅದು. ಬೆಣೆಯಾಕಾರದಲ್ಲಿ ಮಣಿ ಕುಸಿದವರು ಎಷ್ಟೋ ಸಲ ಎದ್ದು ನಡೆಯುತ್ತಾರೆ, ಊಟವನ್ನೂ ಮಾಡುತ್ತಾರೆ. ಆದ್ದರಿಂದಲೇ ಮನೆಯವರು "ಉಳುಕಿರಬೇಕು" ಎಂದು ಬಾಮ್ ಹಚ್ಚಿ ಸುಮ್ಮನಾಗುತ್ತಾರೆ.

ನೀವು ಗಮನಿಸಬೇಕಾದ್ದು ಇಷ್ಟು. ಗಾಡಿ ಬಿದ್ದ *ಅದೇ ಕ್ಷಣ* ಉಸಿರು ಹಿಡಿದಂತಾಗಿ ಬೆನ್ನಿನ ನಡುಭಾಗದಲ್ಲಿ ನೋವು ಶುರುವಾಯಿತೇ? ಬೆನ್ನಿನ ನಡುಗೆರೆಯ ಮೇಲೆ ಒಂದೇ ಜಾಗ ಮುಟ್ಟಿದರೆ ನೋಯುತ್ತದೆಯೇ? ಕೂತು ಏಳುವಾಗ, ಹಾಸಿಗೆಯಲ್ಲಿ ಹೊರಳುವಾಗ, ಕೆಮ್ಮಿದಾಗ ನೋವು ಹೆಚ್ಚುತ್ತದೆಯೇ? ಇದ್ದರೆ ಎಕ್ಸ್-ರೇ ಆಗಲೇಬೇಕು. ಅಲ್ಲಿಯ ತನಕ *ತಿಕ್ಕುವುದು, ಬೆನ್ನು ತುಳಿಸುವುದು, ಮಾಲೀಶು ಯಾವುದೂ ಬೇಡ.* ನೋವಿನ ಮಾತ್ರೆ ಕೊಟ್ಟು ಮರುದಿನ 800 ಕಿ.ಮೀ. ಕಾರಿನಲ್ಲಿ ಕೂರಿಸಿಕೊಂಡು ಬರುವುದು ದೊಡ್ಡ ತಪ್ಪು.

ಈ ಲಕ್ಷಣಗಳಿದ್ದರೆ *ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಿ:*

• ಕಾಲಿನಲ್ಲಿ ಜೋಮು, ಬಲಹೀನತೆ, ನಡೆಯಲಾಗದಿರುವುದು
• ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ತೊಡೆಸಂದಿನ ಸುತ್ತ ಸ್ಪರ್ಶ ಗೊತ್ತಾಗದಿರುವುದು
• ಕುತ್ತಿಗೆ ನೋವಿನ ಜೊತೆ ಕೈ ಜೋಮು
• ತಲೆಗೆ ಏಟು ಬಿದ್ದು ವಾಂತಿ, ಮಂಪರು, ಗೊಂದಲ (ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟು ಬಿದ್ದರೆ, ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆಗೆ)
• ಗೊತ್ತಿಲ್ಲದೆ ಹತ್ತಿದ ಗರ್ಭಿಣಿಗೆ ಹೊಟ್ಟೆನೋವು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು

ಗಾಯಾಳುವನ್ನು ಕೈಕಾಲು ಹಿಡಿದು ಎತ್ತಬೇಡಿ, ಎಬ್ಬಿಸಿ ಕೂರಿಸಬೇಡಿ. ಮಲಗಿದ ಜಾಗದಲ್ಲೇ ಬಿಡಿ, ಬಿಸಿಲಿದ್ದರೆ ನೆರಳು ಹಿಡಿಯಿರಿ, ಚಳಿಯಿದ್ದರೆ ಹೊದಿಸಿ. ಸರಿಸಲೇಬೇಕಾದರೆ ಮೂರು ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ, ಕಾಲು ಒಂದೇ ಸಾಲಿನಲ್ಲಿರುವಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ. ಆಪರೇಷನ್ ಬೇಕಾಗಬಹುದು ಎಂದು, ವೈದ್ಯರು ನೋಡುವ ತನಕ ತಿನ್ನಲು ಏನೂ ಕೊಡಬೇಡಿ.

ದೂರದ ಲೆಕ್ಕವೂ ತಲೆಯಲ್ಲಿರಲಿ. ಸಮ್‌ನಿಂದ ಜೈಸಲ್ಮೇರ್‌ನ ಜಿಲ್ಲಾ ಸರ್ಕಾರಿ ಆಸ್ಪತ್ರೆಗೆ ಸುಮಾರು 40 ಕಿ.ಮೀ. ಬೆನ್ನುಮೂಳೆಯ ದೊಡ್ಡ ಚಿಕಿತ್ಸೆ ಬೇಕಾದರೆ ಏಮ್ಸ್ ಇರುವ ಜೋಧಪುರಕ್ಕೆ ಹೋಗಬೇಕು, ಅದು ಜೈಸಲ್ಮೇರ್‌ನಿಂದ ಇನ್ನೂ ಸುಮಾರು 280 ಕಿ.ಮೀ. ಕೆಲವು ನಿಮಿಷದ ಮೋಜಿಗೆ ಮುರಿದ ಬೆನ್ನಿನೊಂದಿಗೆ ಅಷ್ಟು ದೂರ ಆಂಬುಲೆನ್ಸ್‌ನಲ್ಲಿ ಮಲಗಿ ಹೋಗಬೇಕಾದೀತು.

*ಹೊರಡುವ ಹಿಂದಿನ ರಾತ್ರಿ ಎಲ್ಲರೂ ಕೂತು ಉತ್ತರಿಸಿ*

1. ನಮ್ಮಲ್ಲಿ ಜೀಪ್ ಹತ್ತದವರು ಯಾರು ಯಾರು? ಅವರಿಗೆ ಇದು ಗೊತ್ತೇ?
2. ಅವರ ಜೊತೆ ಉಳಿಯುವವರು ಯಾರು?
3. ಹತ್ತುವವರಲ್ಲಿ ಕೊನೆಯ ಸೀಟಿನಲ್ಲಿ ಯಾರು ಕೂರುತ್ತಾರೆ? (ಉತ್ತರ: ಗಟ್ಟಿಮುಟ್ಟಾದ ಹರೆಯದವರು. ಅದೂ ಬೆಲ್ಟ್ ಇದ್ದರೆ ಮಾತ್ರ.)
4. ಡ್ರೈವರ್ ಜೊತೆ ಮಾತಾಡುವವರು ಯಾರು?
5. ಪ್ರತಿಯೊಬ್ಬರ ಮಾತ್ರೆ, ಇನ್‌ಹೇಲರ್, ಕನ್ನಡಕ ಯಾರ ಕೈಯಲ್ಲಿ?
6. ಯಾರ ಹೆಸರಿನಲ್ಲಿ ಯಾವ ಆರೋಗ್ಯ ವಿಮೆ ಇದೆ? ಆ ಕಾರ್ಡಿನ ಫೋಟೋ ಎಲ್ಲರ ಮೊಬೈಲಿನಲ್ಲಿ ಇದೆಯೇ?
7. "ಬೇಡ" ಎಂದವರನ್ನು ಮತ್ತೆ ಒತ್ತಾಯಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ್ದೀರಾ?

ಏಳನೆಯದಕ್ಕೆ ಅಪ್ಪ ಅಮ್ಮನ ಎದುರಿಗೇ ಉತ್ತರ ಹೇಳಿ.

ರಜೆಗೆ ಹೊರಡುವ ನಿಮ್ಮ ಬಳಗದವರಿಗೆ, ಕನ್ನಡ ಸಂಘದ ಗುಂಪಿಗೆ ಇದನ್ನು ಕಳುಹಿಸಿ. ಊರಿನಿಂದ ಬಂದಿರುವ ಹಿರಿಯರಿಗೆ ಓದಿ ಹೇಳಿ.

_ಈ ಲೇಖನ ಸಾಮಾನ್ಯ ತಿಳಿವಳಿಕೆಗೆ ಮಾತ್ರ. ನಿಮ್ಮ ಆರೋಗ್ಯದ ಬಗ್ಗೆ ಅನುಮಾನವಿದ್ದರೆ ನಿಮ್ಮ ವೈದ್ಯರನ್ನೇ ಕೇಳಿ._

ಶುಭ ಪ್ರಯಾಣ.